ಡಿಸ್ಚಾರ್ಜ್ ಆದ ಮೇಲೆ ಆ ಹುಡುಗೀನ ಯಾರು ವಿಚಾರಿಸ್ತಾರೆ?

ನೈಟ್ ಡ್ಯೂಟಿ ಮುಗಿಸಿ ಬಂದು ಮಲಗೋಕೆ ನೋಡ್ದೆ. ನಿದ್ದೆ ಹತ್ತಲಿಲ್ಲ, ಸಿಟ್ಟು ಇಳೀಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಪುರುಸೊತ್ತು ಇರೋರು ಓದಿ. ಮೊದಲೇ ಒಂದು ಮಾತು: ಇದು ಆತ್ಮಹತ್ಯೆ ವಿಷಯ. ನಿಮ್ಮ ಮನಸ್ಸು ಈಗಾಗ್ಲೇ ಭಾರ ಆಗಿದ್ರೆ ಈ ಪೋಸ್ಟ್ ಬಿಟ್ಹಾಕಿ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು.

ನಾನು ಎಮರ್ಜೆನ್ಸಿಯಲ್ಲಿ ನರ್ಸ್ ಆಗಿರೋದು ನಿಮಗೆಲ್ಲ ಗೊತ್ತು. ಇವತ್ತು ಬೆಳಿಗ್ಗೆ ಒಬ್ಬ ಹುಡುಗಿ ಡಿಸ್ಚಾರ್ಜ್ ಆದ್ಲು. ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ, ಇಷ್ಟು ತಿಳ್ಕೊಂಡ್ರೆ ಸಾಕು: ಇಪ್ಪತ್ತರ ಆಸುಪಾಸು, ಜೀವ ಕಳ್ಕೊಳ್ಳೋಕೆ ಹೋಗಿ ಉಳಿದು ಬಂದವಳು. ಉಳಿಸ್ಕೊಂಡಿದ್ದು ನಮ್ಮ ಡಾಕ್ಟ್ರು, ನಮ್ಮ ಸಿಸ್ಟರ್‌ಗಳು, ರಾತ್ರಿಯೆಲ್ಲ ನಿಂತು. ಹೇಳಿಕೆ ತಗೊಳ್ಳೋಕೆ ಬಂದ ಪೊಲೀಸ್‌ನವರು ಬರ್ಕೊಂಡು ಸಹಿ ಹಾಕಿಸ್ಕೊಂಡು ಹೋಗೋ ಮುಂಚೆ ಹೇಳಿದ ಮಾತು, "ಇನ್ನೊಂದ್ಸಲ ಹಿಂಗ್ ಮಾಡ್ಕೊಂಡ್ರೆ ಒಳಗೆ ಹಾಕ್ತೀನಿ ನೋಡು." ಅವಳ ತಾಯಿ ಅವರಿಗೆ ಕೈ ಮುಗಿದ್ರು. ಆಮೇಲೆ ನನ್ನ ಹತ್ರ ಬಂದು, "ಸಿಸ್ಟರ್, ಮದ್ವೆ ಆಗ್ಬೇಕಾದ ಹುಡುಗಿ, ಕಾರ್ಡಲ್ಲಿ ಇದನ್ನೆಲ್ಲ ಬರೀಬೇಡಿ ತಾಯಿ" ಅಂದ್ರು. ಕಾರ್ಡಲ್ಲಿ ಬರೆದಿದ್ದೇನು? ಮೂರು ಮಾತ್ರೆ, ಒಂದು ವಾರ ಬಿಟ್ಟು ಮೆಡಿಸಿನ್ ಓಪಿಡಿಗೆ ಬರೋಕೆ. ಮನಸ್ಸಿನ ಬಗ್ಗೆ ಒಂದಕ್ಷರ ಇಲ್ಲ. ಆಟೋ ಹತ್ತಿದ್ರು, ಹೋದ್ರು.

ಅದೇ ಹೊತ್ತಿಗೆ ಇಂಜೆಕ್ಷನ್ ರೂಮಲ್ಲಿ ನಾಯಿ ಕಚ್ಚಿಸ್ಕೊಂಡ ಹುಡುಗನಿಗೆ ಕಾರ್ಡ್ ಬರೆದು ಕೊಡ್ತಿದ್ರು. 0, 3, 7, 28, ಯಾವ್ಯಾವ ದಿನ ಬರ್ಬೇಕು ಅಂತ ತಾರೀಖು ಸಮೇತ. "ತಪ್ಪಿಸ್ಬೇಡ ಕಣಪ್ಪ, ಜೀವಕ್ಕೆ ಅಪಾಯ" ಅಂತ ಎರಡೆರಡು ಸಲ ಹೇಳಿ, ಅವರಮ್ಮನ ಫೋನ್ ನಂಬರ್ ಬರ್ಕೊಂಡು. ಸರಿಯಾಗಿ ಮಾಡಿದ್ರು, ಹಂಗೇ ಮಾಡ್ಬೇಕು. ಆದ್ರೆ ಆ ಹುಡುಗೀಗೆ ಯಾಕೆ ಮುಂದಿನ ತಾರೀಖು ಇಲ್ಲ? ಅವಳ ಜೀವಕ್ಕೆ ಅಪಾಯ ಇಲ್ವಾ? ಒಂದು ಸಲ ಪ್ರಯತ್ನ ಮಾಡಿದವರು ಮತ್ತೆ ಮಾಡೋ ಸಾಧ್ಯತೆ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಅದ್ರಲ್ಲೂ ಆಸ್ಪತ್ರೆಯಿಂದ ಮನೆಗೆ ಹೋದ ಮೊದಲ ಕೆಲವು ವಾರ ತಿಂಗಳು ತುಂಬಾ ನಾಜೂಕು ಅನ್ನೋದು ನರ್ಸಿಂಗ್ ಓದೋ ಮಕ್ಕಳಿಗೂ ಗೊತ್ತಿರೋ ವಿಷಯ. ಇಡೀ ಜಿಲ್ಲೇಲಿ ಯಾರಿಗೆ ಅತಿ ಹೆಚ್ಚು ಅಪಾಯ ಅಂತ ಹುಡುಕಿಕೊಂಡು ಹೋಗೋದೇ ಬೇಡ, ಅವರೇ ನಮ್ಮ ಬೆಡ್ ಮೇಲೆ ಮಲಗಿರ್ತಾರೆ, ಹೆಸರಿದೆ, ವಿಳಾಸ ಇದೆ, ಫೋನ್ ನಂಬರ್ ಇದೆ, ಎಲ್ಲಾನೂ ಎಂಎಲ್‌ಸಿ ರಿಜಿಸ್ಟರಲ್ಲಿ (ಪೊಲೀಸರಿಗೆ ತಿಳಿಸ್ಬೇಕಾದ ಕೇಸುಗಳ ಪುಸ್ತಕ) ಬರೆದು ಸ್ಟೇಷನ್‌ಗೆ ಇಂಟಿಮೇಷನ್ ಕಳಿಸ್ತೀವಿ. ಸ್ಟೇಷನ್‌ಗೆ ಮಾತ್ರ ಕಳಿಸ್ತೀವಿ. ಅದೇ ನನ್ನ ಸಂಕಟ.

ನಮ್ಮ ದೇಶದಲ್ಲಿ ಆತ್ಮಹತ್ಯೆ ಲೆಕ್ಕ ಇಡೋರು ಯಾರು ಯೋಚನೆ ಮಾಡಿದೀರಾ? ಆರೋಗ್ಯ ಇಲಾಖೆ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಕಳ್ಳತನ, ಕೊಲೆ, ದರೋಡೆ ಲೆಕ್ಕ ಇಡೋ ಆಫೀಸು. ಅವರ ಲೆಕ್ಕದ ಪ್ರಕಾರವೇ 2022ರಲ್ಲಿ ದೇಶದಲ್ಲಿ 1,70,924 ಜನ. ಅದೇ ವರ್ಷ ರಸ್ತೆ ಅಪಘಾತದಲ್ಲಿ ತೀರಿಕೊಂಡೋರು ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 1,68,491. ರಸ್ತೆಗೆ ಹೆಲ್ಮೆಟ್ ಇದೆ, ಸೀಟ್ ಬೆಲ್ಟ್ ಇದೆ, ಕ್ಯಾಮರಾ ಇದೆ, ಫೈನ್ ಇದೆ, ರಸ್ತೆ ಸುರಕ್ಷತಾ ಸಪ್ತಾಹ ಇದೆ. ಇದಕ್ಕೇನಿದೆ? ಕರ್ನಾಟಕದ್ದೇ ಹೇಳ್ತೀನಿ, ಅದೇ 2022ರಲ್ಲಿ 13,606 ಜನ, ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶ ಬಿಟ್ರೆ ನಾವೇ. ಒಂದು ಜ್ವರ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಹದಿಮೂರು ಸಾವಿರ ಜನರನ್ನ ತಗೊಂಡು ಹೋಗಿದ್ರೆ ಪ್ರತಿ ಪಿಎಚ್‌ಸಿಗೆ ಸರ್ಕ್ಯುಲರ್ ಬರ್ತಿತ್ತು, ಪ್ರತಿ ಸೋಮವಾರ ವಿಡಿಯೋ ಕಾನ್ಫರೆನ್ಸ್ ಇರ್ತಿತ್ತು, ರಿಪೋರ್ಟ್ ಕಳಿಸದ ಮೆಡಿಕಲ್ ಆಫೀಸರ್‌ಗೆ ನೋಟಿಸ್ ಹೋಗ್ತಿತ್ತು.

ಇನ್ನು ಆ ಲೆಕ್ಕವಾದ್ರೂ ಸರಿ ಇದೆಯಾ ಅಂದ್ರೆ ಅದೂ ಇಲ್ಲ. 2022ರ ಪಟ್ಟೀಲಿ ಕೇರಳದ ದರ ಲಕ್ಷಕ್ಕೆ 28.5, ಬಿಹಾರದ್ದು 0.6. ಬಿಹಾರದಲ್ಲಿ ನೋವು ಕಮ್ಮಿ ಇದೆ ಅಂತ ಯಾರಾದ್ರೂ ನಂಬ್ತೀರಾ? ಬರೆದುಕೊಳ್ಳೋದು ಕಮ್ಮಿ ಇದೆ ಅಷ್ಟೆ. 2010ರ ಸಾವುಗಳ ಬಗ್ಗೆ 2012ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಒಂದು ಅಧ್ಯಯನ ಬಂದಿತ್ತು, ಮನೆ ಮನೆಗೆ ಹೋಗಿ ಸಾವು ಹೇಗಾಯ್ತು ಅಂತ ಮನೆಯವರನ್ನೇ ಕೇಳಿ ಮಾಡಿದ್ದು. ಪೊಲೀಸ್ ಲೆಕ್ಕ 1.34 ಲಕ್ಷ ಇದ್ದ ವರ್ಷಕ್ಕೆ ಅವರ ಅಂದಾಜು 1.87 ಲಕ್ಷ. ಹೆಂಗಸರ ಸಾವುಗಳಲ್ಲಿ ಈ ಅಂತರ ಇನ್ನೂ ದೊಡ್ಡದು. ಯಾಕೆ ಅಂದ್ರೆ ಸ್ಟೇಷನ್ ಮೆಟ್ಟಿಲು ಹತ್ತೋದು ಅಂದ್ರೆ ಯಾವ ಮನೆಯವರಿಗೂ ಭಯ. ಯುಡಿಆರ್, ಅಂದ್ರೆ ಅಸಹಜ ಸಾವಿನ ದೂರಲ್ಲಿ "ಸಾವಿನ ಬಗ್ಗೆ ಯಾರ ಮೇಲೂ ಅನುಮಾನ ಇರುವುದಿಲ್ಲ" ಅಂತ ಬರೆಸಿ ಸಹಿ ಹಾಕಿ ಬಾಡಿ ತಗೊಂಡು ಹೊರಟ್ರೆ ಸಾಕು ಅನ್ನೋ ಮನಸ್ಥಿತೀಲಿ ಇರ್ತಾರೆ. ಆ ಹೊತ್ತಲ್ಲಿ ಕಾರಣ ಏನು ಅಂತ ಕೇಳಿದ್ರೆ ಬಾಯಿಗೆ ಬಂದಿದ್ದು ಹೇಳ್ತಾರೆ, ಅದೇ ದೇಶದ ಅಂಕಿಅಂಶ ಆಗುತ್ತೆ. 2022ರ ವರದೀಲಿ ನೂರಕ್ಕೆ ಸುಮಾರು 32 ಸಾವಿಗೆ ಕಾರಣ "ಕೌಟುಂಬಿಕ ಸಮಸ್ಯೆ". ಕೌಟುಂಬಿಕ ಸಮಸ್ಯೆ ಇಲ್ಲದ ಮನೆ ಯಾವುದು? ಇದನ್ನಿಟ್ಟುಕೊಂಡು ಯಾವ ಡಾಕ್ಟರು ಏನು ಮಾಡ್ಬೇಕು?

ನಮ್ಮ ಚಿಕ್ಕಮ್ಮನ ವಿಷಯ ನಿಮ್ಮಲ್ಲಿ ಕೆಲವರಿಗೆ ಗೊತ್ತು, ಬಹಳ ಜನಕ್ಕೆ ಗೊತ್ತಿಲ್ಲ, ನಾನು ಇಲ್ಲಿ ಬರೆದಿರ್ಲೂ ಇಲ್ಲ. ನಾನಾಗ ಹೈಸ್ಕೂಲು. ಚಿಕ್ಕಮ್ಮ ಒಂದು ಸಲ ಪ್ರಯತ್ನ ಮಾಡಿ ಉಳಿದ್ರು. ಆಸ್ಪತ್ರೆಯಿಂದ ಬಂದ ಮೇಲೆ ಮನೇಲಿ ಯಾರೂ ಆ ಬಗ್ಗೆ ಮಾತಾಡ್ಲಿಲ್ಲ, ಮಾತಾಡಿದ್ರೆ ಮತ್ತೆ ನೆನಪಾಗುತ್ತೆ ಅಂತ. ಊರಿಗೆ ಫುಡ್ ಪಾಯ್ಸನ್ ಅಂದ್ರು. ಆಸ್ಪತ್ರೆಯವರು ಒಂದು ದಿನ "ಹೇಗಿದೀರಮ್ಮ" ಅಂತ ಕೇಳ್ಲಿಲ್ಲ, ಕೇಳೋ ವ್ಯವಸ್ಥೆನೇ ಇರ್ಲಿಲ್ಲ. ವರ್ಷ ತುಂಬೋ ಮುಂಚೆ ಹೋಗ್ಬಿಟ್ರು. ಪೇಪರಲ್ಲಿ ಮೂರು ಸಾಲು ಬಂತು, ಹೊಟ್ಟೆನೋವು ತಾಳಲಾರದೆ ಅಂತ. ಚಿಕ್ಕಮ್ಮಂಗೆ ಹೊಟ್ಟೆನೋವು ಇರ್ಲಿಲ್ಲ. ಎರಡನೇ ಬಾಣಂತನ ಆದಾಗಿಂದ ನಿದ್ದೆ ಇರ್ಲಿಲ್ಲ, ಊಟ ಸೇರ್ತಿರ್ಲಿಲ್ಲ, ಮಗೂನ ಎತ್ಕೊಂಡು ಸುಮ್ನೆ ಗೋಡೆ ನೋಡ್ತಾ ಕೂತಿರ್ತಿದ್ರು. ಇವತ್ತು ಅಂಥ ಬಾಣಂತಿ ನನ್ನ ವಾರ್ಡಿಗೆ ಬಂದ್ರೆ ಎರಡು ನಿಮಿಷದಲ್ಲಿ ಗುರುತಿಸ್ತೀನಿ, ಚಿಕಿತ್ಸೆ ಇರೋ ಕಾಯಿಲೆ ಅದು. ನಾನು ಈ ಕೆಲಸಕ್ಕೆ ಬಂದಿದ್ದಕ್ಕೂ ಇದಕ್ಕೂ ಸಂಬಂಧ ಇದೆ, ಇಷ್ಟು ಸಾಕು.

ನಮ್ಮ ಕಡೆ ಈ ವಿಷಯ ಬಂದ್ರೆ ರೈತರು ಇಲ್ಲಾ ಸ್ಟೂಡೆಂಟ್‌ಗಳು, ಎರಡೇ ಮುಖ ಕಾಣೋದು. ಅವರ ನೋವು ಸಣ್ಣದು ಅಂತ ನಾನು ಹೇಳ್ತಿಲ್ಲ. 2022ರಲ್ಲಿ ರೈತರು ಮತ್ತೆ ಕೃಷಿ ಕಾರ್ಮಿಕರು ಸೇರಿ 11,290 ಜನ, ವಿದ್ಯಾರ್ಥಿಗಳು 13,044. ಒಂದೊಂದೂ ಒಂದು ಮನೆ. ಆದ್ರೆ ಗೃಹಿಣಿಯರು 25,309! ಆ ವರ್ಷ ಹೀಗೆ ತೀರಿಕೊಂಡ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಗೃಹಿಣಿಯರೇ. ದಿನಗೂಲಿ ಮಾಡೋರು ಒಟ್ಟು ಸಂಖ್ಯೆಯ ಕಾಲು ಭಾಗಕ್ಕಿಂತ ಹೆಚ್ಚು. ಇವರ ಬಗ್ಗೆ ಯಾವ ಚಾನೆಲ್ ರಾತ್ರಿ ಒಂಬತ್ತಕ್ಕೆ ಕೂತು ಮಾತಾಡಿದೆ? ಮಾತಾಡೋದು ಬಿಡಿ, ಯಾರಾದ್ರೂ ಹೆಸರು ಇರೋರು ಹೋದ್ರೆ ಮಾತ್ರ ಇಡೀ ದಿನ ಮನೆ ಮುಂದೆ ಕ್ಯಾಮರಾ, ಹೇಗೆ ಮಾಡ್ಕೊಂಡ್ರು ಅನ್ನೋದಕ್ಕೆ ಗ್ರಾಫಿಕ್ಸು, ಪತ್ರ ಓದೋದು. ಹೀಗೆಲ್ಲ ತೋರಿಸ್ಬಾರದು, ವಿಧಾನ ವಿವರಿಸ್ಬಾರದು, ಪತ್ರ ಹಾಕ್ಬಾರದು ಅಂತ ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಪತ್ರಿಕೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಟಿವಿಯವರಿಗೆ ಅದರಲ್ಲಿರೋ ಒಂದು ಸಾಲೂ ಗೊತ್ತಿದ್ದಂಗೆ ಕಾಣಲ್ಲ. ಅಂಥ ಸುದ್ದಿ ಬಂದ ವಾರ ನಮ್ಮ ಎಮರ್ಜೆನ್ಸೀಲಿ ಎಲ್ಲರೂ ಬಾಗಿಲ ಕಡೆ ನೋಡ್ತಾ ಇರ್ತೀವಿ, ಅದನ್ನ ನೋಡಿ ಇನ್ಯಾರಾದ್ರೂ ಹಾಗೇ ಮಾಡ್ಕೊಂಡು ಬರ್ತಾರೇನೋ ಅಂತ.

ಮತ್ತೆ ಆ ಹುಡುಗಿ ವಿಷಯಕ್ಕೆ ಬರ್ತೀನಿ. "ಒಳಗೆ ಹಾಕ್ತೀನಿ" ಅಂದ್ರಲ್ಲ, ಆ ಕಾನೂನೇ ಇಲ್ಲ ಈಗ. ಐಪಿಸಿ 309 ಅಂತ ಇತ್ತು, ಪ್ರಯತ್ನ ಮಾಡಿ ಉಳಿದ್ರೆ ಒಂದು ವರ್ಷದವರೆಗೂ ಜೈಲು. 1994ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕ್ತು, 1996ರಲ್ಲಿ ಇನ್ನೂ ದೊಡ್ಡ ಪೀಠ ಮತ್ತೆ ವಾಪಸ್ ತಂತು, 2008ರಲ್ಲಿ ಕಾನೂನು ಆಯೋಗ ತೆಗೀರಿ ಅಂತ ವರದಿ ಕೊಡ್ತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಬಂದು, 2018ರ ಮೇ ಇಂದ ಜಾರಿ ಆಯ್ತು, ಅದರ 115ನೇ ಸೆಕ್ಷನ್ ಹೇಳೋದು, ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿ ಇದ್ರು ಅಂತಲೇ ಭಾವಿಸ್ಬೇಕು, ಬೇರೆ ಥರ ಸಾಬೀತಾಗದ ಹೊರತು ವಿಚಾರಣೆ ಮಾಡ್ಬಾರ್ದು, ಶಿಕ್ಷೆ ಕೊಡ್ಬಾರ್ದು. 2024ರ ಜುಲೈ 1ರಿಂದ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲವೇ ಇಲ್ಲ, ಸರ್ಕಾರಿ ನೌಕರರ ಕೆಲಸಕ್ಕೆ ಒತ್ತಡ ಹಾಕೋಕೆ ಅಥವಾ ತಡೆಯೋಕೆ ಹಾಗೆ ಮಾಡಿದ್ರೆ ಮಾತ್ರ 226 ಅಂತ ಒಂದಿದೆ. ಆ ಹುಡುಗಿಗೆ ಆ 226 ಅನ್ವಯ ಆಗಲ್ಲ. ಆದ್ರೂ ಹಾಸಿಗೆ ಮೇಲಿರೋ ಮಗುಗೆ ಜೈಲು ಅಂತ ಹೆದರಿಸಿ ಹೋಗ್ತಾರೆ. ಈ ಹೆದರಿಕೆಯಿಂದ ಏನಾಗುತ್ತೆ ಅಂದ್ರೆ ಮುಂದಿನ ಸಲ ಆಸ್ಪತ್ರೆಗೇ ತರಲ್ಲ, ತಂದ್ರೂ ಸುಳ್ಳು ಹೇಳ್ತಾರೆ, ಸುಳ್ಳು ಹೇಳಿದ್ರೆ ನಮಗೆ ಸರಿಯಾದ ಚಿಕಿತ್ಸೆ ಶುರು ಮಾಡೋಕೆ ಹೊತ್ತಾಗುತ್ತೆ, ಇಲ್ಲಾ ಡಾಕ್ಟ್ರು ಬೇಡ ಅಂದ್ರೂ ಬರೆದುಕೊಟ್ಟು ಅರ್ಧಕ್ಕೆ ಕರ್ಕೊಂಡು ಹೋಗ್ತಾರೆ.

ಅದೇ 115ನೇ ಸೆಕ್ಷನ್‌ದು ಎರಡನೇ ಭಾಗ ಇದೆ, ಅದನ್ನ ಯಾರೂ ಓದಲ್ಲ. ಹೀಗೆ ಪ್ರಯತ್ನ ಮಾಡಿದವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡೋದು ಸರ್ಕಾರದ ಕರ್ತವ್ಯ, ಮತ್ತೆ ಪ್ರಯತ್ನ ಮಾಡೋ ಅಪಾಯ ಕಡಿಮೆ ಮಾಡೋಕೆ. ಕರ್ತವ್ಯ ಅಂತಲೇ ಇದೆ ಕಾಯ್ದೆಯಲ್ಲಿ. ಅಂದ್ರೆ ಆ ಹುಡುಗಿಗೆ ಮುಂದಿನ ತಾರೀಖು ಬರೆದು ಕೊಡೋದು, ಬರದಿದ್ರೆ ಫೋನ್ ಮಾಡೋದು ನಮ್ಮ ಒಳ್ಳೆತನದ ಪ್ರಶ್ನೆ ಅಲ್ಲ, ಅವಳಿಗೆ ಸಲ್ಲಬೇಕಾದ್ದು. ನಾನು ಕೆಲಸ ಮಾಡೋ ಕಡೆ ಅದಕ್ಕೆ ಒಂದು ರಿಜಿಸ್ಟರ್ ಕೂಡ ಇಲ್ಲ.

ಫೋನ್ ಮಾಡಿದ್ರೆ ಏನಾಗ್ಬಿಡುತ್ತೆ ಅಂತೀರಾ? ಇದನ್ನ ನಾನು ಊಹೆ ಮೇಲೆ ಹೇಳ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶದಲ್ಲಿ ಇದನ್ನೇ ಪರೀಕ್ಷೆ ಮಾಡಿದೆ, ಅದ್ರಲ್ಲಿ ನಮ್ಮ ಚೆನ್ನೈ ಕೂಡ ಒಂದು ಜಾಗ, 2008ರಲ್ಲಿ ಫಲಿತಾಂಶ ಬಂತು. ಪ್ರಯತ್ನ ಮಾಡಿ ಎಮರ್ಜೆನ್ಸಿಗೆ ಬಂದ 1,867 ಜನ. ಅರ್ಧದಷ್ಟು ಜನಕ್ಕೆ ಮಾಮೂಲಿ ಚಿಕಿತ್ಸೆ. ಇನ್ನರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ ಜೊತೆ ಡಿಸ್ಚಾರ್ಜ್ ಹೊತ್ತಿಗೆ ಒಂದು ಗಂಟೆ ಕೂತು ಮಾತು, ಆಮೇಲೆ 18 ತಿಂಗಳಲ್ಲಿ 9 ಸಲ ಫೋನ್ ಅಥವಾ ಭೇಟಿ, ಅಷ್ಟೇ. 18 ತಿಂಗಳ ಕೊನೆಗೆ ಮಾಮೂಲಿ ಗುಂಪಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡೋರು 18 ಜನ, ಫೋನ್ ಹೋದ ಗುಂಪಲ್ಲಿ 2. ಹದಿನೆಂಟು, ಎರಡು! ಹೊಸ ಮಾತ್ರೆ ಇಲ್ಲ, ಮಷೀನ್ ಇಲ್ಲ, ಕಟ್ಟಡ ಇಲ್ಲ, ಟೆಂಡರ್ ಇಲ್ಲ. ಟ್ರೈನಿಂಗ್ ಆಗಿರೋ ಒಬ್ಬರು, ಒಂದು ಫೋನು, "ಹೇಗಿದೀಯಮ್ಮ, ನಿದ್ದೆ ಬರ್ತಿದೆಯಾ, ಮತ್ತೆ ಆ ಯೋಚನೆ ಬಂತಾ" ಅಂತ ನೇರವಾಗಿ ಕೇಳೋದು. ನೇರವಾಗಿ ಕೇಳಿದ್ರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು, ದಯವಿಟ್ಟು ಯಾರೂ ಅದನ್ನ ನಂಬ್ಬೇಡಿ. ಕೇಳಿದ್ರೆ ಎದೆ ಹಗುರ ಆಗಿ ಅಳ್ತಾರೆ, ನಾನು ಎಷ್ಟೋ ಸಲ ನೋಡಿದೀನಿ.

ಟಿಬಿ ಇರೋರು ಮಾತ್ರೆ ತಗೊಳ್ಳೋದು ಬಿಟ್ರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಹೋಗ್ತಾರೆ. ಬಸುರಿಗೆ ತಾಯಿ ಕಾರ್ಡ್ ಇದೆ, ಮಗುಗೆ ಲಸಿಕೆ ತಪ್ಪಿದ್ರೆ ಹೆಸರು ಹಿಡಿದು ಹುಡುಕ್ತಾರೆ. ಈ ದೇಶಕ್ಕೆ ಜನರನ್ನ ಹಿಂಬಾಲಿಸಿ ಕಾಪಾಡೋದು ಗೊತ್ತು ಕಣ್ರಿ, ಪೋಲಿಯೋ ಓಡಿಸಿದ ದೇಶ ಇದು.

ಈಗ ಕೆಲವರು ಹೇಳೋದು ನನಗೆ ಗೊತ್ತು, ಹೋದ ಸಲ ಹೀಗೇ ಬರೆದಾಗ ನನ್ನ ಕಸಿನ್ ಒಬ್ಬ ಕಾಮೆಂಟಲ್ಲೂ ಹಾಕಿದ್ದ: ಪೊಲೀಸರನ್ನ ದೂರ ಇಟ್ರೆ ಕೊಲೆಗಳು ಮುಚ್ಚಿ ಹೋಗ್ತವೆ, ವರದಕ್ಷಿಣೆ ಸಾವುಗಳು ಆತ್ಮಹತ್ಯೆ ಆಗ್ಬಿಡ್ತವೆ ಅಂತ. ಪೊಲೀಸರು ಬೇಡ ಅಂತ ಯಾರು ಹೇಳಿದ್ದು? ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಹೀಗೆ ಸತ್ರೆ ಮ್ಯಾಜಿಸ್ಟ್ರೇಟ್ ತನಿಖೆ ಆಗ್ಲೇಬೇಕು, ಇನ್ನೂ ಬಿಗಿಯಾಗಿ ಆಗ್ಲಿ. ತನಿಖೆ ಅವರ ಕೆಲಸ, ಮಾಡ್ಲಿ. ಆದ್ರೆ ತನಿಖೆಗೆ ಒಂದು ಕಾಪಿ ಹೋಗೋ ಹಂಗೆ ಚಿಕಿತ್ಸೆಗೂ ಒಂದು ಕಾಪಿ ಹೋಗ್ಲಿ ಅಂತಿದೀನಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಟೀಮ್‌ಗೆ ಅದೇ ಹೆಸರು ಅದೇ ದಿನ ಗುಟ್ಟಾಗಿ ತಲುಪೋದಕ್ಕೂ ಕೊಲೆ ಮುಚ್ಚಿ ಹೋಗೋದಕ್ಕೂ ಏನು ಸಂಬಂಧ?

ಇನ್ನೊಂದು ಮಾತು, ಮನೋವೈದ್ಯರೇ ಇಲ್ಲ ಅಂತ. ನಿಜ, ನಮ್ಮಲ್ಲಿ ಲಕ್ಷ ಜನಕ್ಕೆ ಒಬ್ಬ ಮನೋವೈದ್ಯರೂ ಇಲ್ಲ, ಸುಮಾರು 0.75 ಅಂತಾರೆ. ನಿಮ್ಹಾನ್ಸ್ 2015-16ರಲ್ಲಿ ಮಾಡಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮಾನಸಿಕ ಕಾಯಿಲೆ ಇರೋರಲ್ಲಿ ಚಿಕಿತ್ಸೆ ಸಿಗದೇ ಇರೋರು, ಕಾಯಿಲೆ ಯಾವುದು ಅನ್ನೋದರ ಮೇಲೆ, ನೂರಕ್ಕೆ 70ರಿಂದ 92. ಆದ್ರೆ ಅದನ್ನೇ ನೆಪ ಮಾಡ್ಬೇಡಿ. ಜಿಲ್ಲಾ ಕಾರ್ಯಕ್ರಮ ಅನ್ನೋದೇ ಹುಟ್ಟಿದ್ದು ನಮ್ಮ ಬಳ್ಳಾರಿಯಲ್ಲಿ, ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಸಾಮಾನ್ಯ ಡಾಕ್ಟರ್‌ಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಹೇಳಿಕೊಟ್ಟು ನಡೆಸಿ ತೋರಿಸಿದ್ರು, ಅದನ್ನ ನೋಡಿ ದೇಶ 1996ರಲ್ಲಿ ಎತ್ಕೊಂಡಿದ್ದು. ನಮ್ಮ ರಾಜ್ಯದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ಮನೋಚೈತನ್ಯ ಅನ್ನೋ ಕಾರ್ಯಕ್ರಮ ಇದೆ. ಟೆಲಿ ಮಾನಸ್ 2022ರ ಅಕ್ಟೋಬರಲ್ಲಿ ಶುರುವಾಯ್ತು, ಅದಕ್ಕೂ ಮುಖ್ಯ ಕೇಂದ್ರ ನಿಮ್ಹಾನ್ಸೇ. ಎಲ್ಲಾ ಇದೆ, ಆ ಹುಡುಗಿಗೆ "ಮಂಗಳವಾರ ಬಾ" ಅಂತ ಕಾರ್ಡಲ್ಲಿ ಬರೆಯೋ ಒಂದು ಸಾಲು ಇಲ್ಲ.

ಮತ್ತೆ ಆ ಮೂರನೇ ಮಾತು, ಇದನ್ನ ಕೇಳಿದ್ರೆ ನನಗೆ ಮೈ ಉರಿಯುತ್ತೆ: "ಸಾಯ್ಬೇಕು ಅಂತ ನಿರ್ಧಾರ ಮಾಡಿದವರನ್ನ ಯಾರು ತಡೆಯೋಕಾಗುತ್ತೆ." ತಡೆಯೋಕಾಗುತ್ತೆ. ಶ್ರೀಲಂಕಾ ತಡೆದಿದೆ. 1995ರ ಸುಮಾರಿಗೆ ಅಲ್ಲಿ ದರ ಲಕ್ಷಕ್ಕೆ 47, ಪ್ರಪಂಚದಲ್ಲೇ ಅತಿ ಹೆಚ್ಚಿರೋ ದೇಶಗಳಲ್ಲಿ ಒಂದು. ಅತಿ ವಿಷದ ಕೀಟನಾಶಕಗಳನ್ನ ಒಂದೊಂದಾಗಿ ನಿಷೇಧ ಮಾಡ್ತಾ ಬಂದ್ರು, ಎರಡು ದಶಕದಲ್ಲಿ ದರ ಸುಮಾರು ಶೇಕಡ 70 ಇಳೀತು. ಅಲ್ಲಿನ ಜನರ ಸಾಲ ತೀರಿತಾ, ಸಂಸಾರ ಸರಿಹೋಯ್ತಾ? ಇಲ್ಲ. ಆ ಕೆಟ್ಟ ಗಳಿಗೆ ದಾಟಿ ಹೋಯ್ತು, ದಾಟಿದವರು ಬದುಕಿದ್ರು. ನಮ್ಮಲ್ಲೂ 2018ರಲ್ಲಿ 18 ಕೀಟನಾಶಕಗಳನ್ನ ನಿಲ್ಲಿಸೋ ಆದೇಶ ಬಂದಿದೆ, ಇನ್ನೂ ಹೋಗ್ಬೇಕಾದ ದಾರಿ ಬಹಳ ಇದೆ. ನಾನು ಎಮರ್ಜೆನ್ಸೀಲಿ ನೋಡಿರೋ ಅಷ್ಟು ಜನರಲ್ಲಿ, ಎಚ್ಚರ ಆದ ತಕ್ಷಣ "ನನ್ನನ್ನ ಉಳಿಸ್ಕೊಳ್ಳಿ ಸಿಸ್ಟರ್" ಅಂತ ಕೈ ಹಿಡ್ಕೊಂಡೋರೇ ಜಾಸ್ತಿ. ನಿರ್ಧಾರ ಅಂತೆ. ನಿದ್ದೆಗೆಟ್ಟು, ದಿಕ್ಕು ತೋಚದೆ, ನೋವು ತಡೆಯೋಕಾಗದೆ ಇದ್ದಾಗ ಬರೋದನ್ನ ನಿರ್ಧಾರ ಅಂತ ಕರೀಬೇಡಿ.

2022ರ ನವೆಂಬರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರ ಅಂತ ಒಂದು ದಾಖಲೆ ಬಿಡುಗಡೆ ಮಾಡ್ತು. 2030ರೊಳಗೆ ಆತ್ಮಹತ್ಯೆ ಸಾವು ಶೇಕಡ 10 ಇಳಿಸ್ಬೇಕು ಅನ್ನೋದು ಗುರಿ. ಮೂರು ವರ್ಷದೊಳಗೆ ಸರಿಯಾದ ನಿಗಾ ವ್ಯವಸ್ಥೆ, ಐದು ವರ್ಷದೊಳಗೆ ಎಲ್ಲಾ ಜಿಲ್ಲೇಲೂ ಮನೋವೈದ್ಯಕೀಯ ಹೊರರೋಗಿ ವಿಭಾಗ, ಎಂಟು ವರ್ಷದೊಳಗೆ ಶಾಲೆ ಕಾಲೇಜಲ್ಲಿ ಪಾಠ. ನಾನು ಅದನ್ನ ಪೂರ್ತಿ ಓದಿದೀನಿ, ಒಳ್ಳೆ ದಾಖಲೆ, ಮನಸಾರೆ ಹೇಳ್ತೀನಿ. ಇದು ಆರೋಗ್ಯದ ವಿಷಯ ಅಂತ ದೇಶ ಒಪ್ಕೊಂಡಿದ್ದೇ ಅದರಲ್ಲಿ. ಒಪ್ಕೊಂಡ ಮೇಲೂ ನನ್ನ ವಾರ್ಡಿಂದ ಕಾಗದ ಹೋಗೋದು ಸ್ಟೇಷನ್‌ಗೆ ಮಾತ್ರ. ನಿಗಾ ಅಂದ್ರೆ ಡೆಲ್ಲಿಯಲ್ಲಿ ಡ್ಯಾಶ್‌ಬೋರ್ಡ್ ಅಲ್ಲ, ಈ ಹುಡುಗಿ ಈ ವಾರ ಹೇಗಿದ್ದಾಳೆ ಅಂತ ಒಬ್ಬರಿಗೆ ಗೊತ್ತಿರೋದು.

ಡ್ಯೂಟಿ ಮುಗಿಸೋ ಮುಂಚೆ ನಾನು ಆ ತಾಯಿ ಕೈಯಿಂದ ಕಾರ್ಡ್ ಇಸ್ಕೊಂಡು ಹಿಂದುಗಡೆ 14416 ಬರೆದು, ಮಂಗಳವಾರದ ತಾರೀಖು ಬರೆದು, ಯಾವ ರೂಮು ಅಂತ ಬರೆದೆ. ಇದು ನಾನು ಮಾಡಿದ್ದು, ಇನ್ನೊಂದು ಶಿಫ್ಟಲ್ಲಿ ಇನ್ನೊಬ್ಬರು ಮಾಡ್ತಾರೋ ಇಲ್ವೋ, ಮಾಡ್ಬೇಕು ಅಂತ ನಿಯಮ ಇಲ್ಲ. ನಿಯಮ ಬೇಕು ಅಂತ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂಗೆ ಸೋಮವಾರ ಅರ್ಜಿ ಕೊಡ್ತಿದೀನಿ. ಎಂಎಲ್‌ಸಿ ರಿಜಿಸ್ಟರ್ ಪಕ್ಕದಲ್ಲಿ ಇನ್ನೊಂದು ಪುಸ್ತಕ, ಬೀಗ ಹಾಕೋ ಡ್ರಾಯರಲ್ಲಿ, ಹೆಸರು, ಒಪ್ಪಿಗೆ ಸಹಿ, ಫೋನ್ ನಂಬರ್, ಮುಂದಿನ ಒಂಬತ್ತು ತಾರೀಖು. ನನ್ನ ಫ್ರೆಂಡ್ಸ್ ಲಿಸ್ಟಲ್ಲಿ ಡಾಕ್ಟರ್‌ಗಳಿದೀರಿ, ಸ್ಟಾಫ್ ನರ್ಸ್‌ಗಳಿದೀರಿ, ಜಿಲ್ಲಾ ಮಾನಸಿಕ ಆರೋಗ್ಯ ಟೀಮಲ್ಲಿ ಇರೋರು ಇಬ್ಬರಾದ್ರೂ ಇದೀರಿ. ನಿಮ್ಮಲ್ಲಿ ಯಾರ ಆಸ್ಪತ್ರೇಲಾದ್ರೂ ಇಂಥ ಫಾಲೋ ಅಪ್ ಪುಸ್ತಕ ಇದ್ರೆ, ಪೇಶೆಂಟ್ ವಿವರ ಇಲ್ಲದ ಖಾಲಿ ಪುಟದ ಫೋಟೋ ಇನ್‌ಬಾಕ್ಸ್ ಮಾಡಿ, ಶನಿವಾರದೊಳಗೆ ಸಿಕ್ರೆ ಅರ್ಜಿ ಜೊತೆ ಲಗತ್ತಿಸ್ತೀನಿ.